ಮುಖಕ್ಕೆ ಸೂಜಿ ಹಾಕಿಸುವ ಮೊದಲು: ಯಾವ ತೊಂದರೆಗೆ ಯಾವ ಸೂಜಿ?

ಚರ್ಮದ ಡಾಕ್ಟರ ಕೋಣೆ ಹೊರಗೆ ಕಾಯುತ್ತಾ ಕೂತಾಗ ಕೈಗೆ ಸಿಗುವ ಬಣ್ಣದ ಕಾಗದವನ್ನು ನೀವೂ ತಿರುವಿ ಹಾಕಿರುತ್ತೀರಿ. ಮೈಕ್ರೋನೀಡ್ಲಿಂಗ್, ಆರ್‌ಎಫ್, ಪಿಆರ್‌ಪಿ, ಸ್ಕಿನ್ ಬೂಸ್ಟರ್, ಬೊಟಾಕ್ಸ್, ಫಿಲ್ಲರ್. ಎಲ್ಲದರ ಕೆಳಗೂ ಅದೇ ಮಾತು: ಹೊಳಪು, ಬಿಗಿ, ಯೌವನ. ಓದಿ ಮುಗಿಸುವಷ್ಟರಲ್ಲಿ ಯಾವುದನ್ನು ಮಾಡಿಸಿದರೂ ನಡೆಯುತ್ತದೆ ಅನ್ನಿಸಿಬಿಡುತ್ತದೆ. ನಡೆಯುವುದಿಲ್ಲ. ಮೊಡವೆ ಗುಳಿಗೆ ಬೊಟಾಕ್ಸ್ ಹಾಕಿಸಿದರೆ ಗುಳಿ ಇದ್ದಲ್ಲೇ ಇರುತ್ತದೆ. ಹುಬ್ಬು ಗಂಟಿಕ್ಕಿದಾಗ ಬೀಳುವ ಗೆರೆಯ ಮೇಲೆ ಮೈಕ್ರೋನೀಡ್ಲಿಂಗ್ ಪೆನ್, ಅಂದರೆ ತುದಿಯಲ್ಲಿ ಸಣ್ಣ ಸೂಜಿಗಳಿರುವ ಮೆಷಿನ್, ಎಷ್ಟು ಆಡಿಸಿದರೂ ಮತ್ತೆ ಗಂಟಿಕ್ಕಿದಾಗ ಗೆರೆ ಹಾಜರ್.

ಇದು ನಾನು ದುಡ್ಡು ಕೊಟ್ಟು ಕಲಿತ ಪಾಠ. ಕೆನ್ನೆಯ ಗುಳಿಗಳಿಗೆ ಏನಾದರೂ ಮಾಡಿ ಅಂತ ಹೋದವಳಿಗೆ ಒಂದು ಕಡೆ ಮೂರು ಸಲದ ಪಿಆರ್‌ಪಿ (ನಮ್ಮದೇ ರಕ್ತದ ಒಂದು ಭಾಗವನ್ನು ಮುಖಕ್ಕೆ ಚುಚ್ಚುವುದು) ಪ್ಯಾಕೇಜ್ ಕಟ್ಟಿಸಿದರು. ಪ್ರತಿ ಸಲವೂ ಒಂದು ವಾರ ಮುಖ ಚೆನ್ನಾಗಿ ಕಾಣುತ್ತಿತ್ತು, ಆಮೇಲೆ ಹಳೇ ಕಥೆ. ಬೇಜಾರಾಗಿ ಇನ್ನೊಬ್ಬ ಡಾಕ್ಟರ ಹತ್ತಿರ ಹೋದೆ. ಅವರು ಕೆನ್ನೆಯನ್ನು ಎರಡು ಬೆರಳಲ್ಲಿ ಹಿಗ್ಗಿಸಿದರು, ಬಿಟ್ಟರು, ಮತ್ತೆ ಹಿಗ್ಗಿಸಿದರು. "ಒಳಗೆ ನಾರು ಹಿಡ್ಕೊಂಡು ಎಳೀತಿದೆಯಮ್ಮ. ಮೊದಲು ಅದನ್ನ ಬಿಡಿಸ್ಬೇಕು, ಮಿಕ್ಕಿದ್ದೆಲ್ಲ ಆಮೇಲೆ" ಅಂದರು. ಅರ್ಧ ನಿಮಿಷದ ಕೆಲಸ. ಅದನ್ನು ಮನೆಯಲ್ಲಿ ನಾವೇ ಮಾಡಿಕೊಳ್ಳಬಹುದು. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಮೊದಲು ಕನ್ನಡಿ

ಹಗಲು ಹೊತ್ತಿನಲ್ಲಿ ಕಿಟಕಿ ಪಕ್ಕ ನಿಲ್ಲಿ. ಮೇಕಪ್ ಬೇಡ, ಕ್ರೀಮ್ ಬೇಡ. ಬೆಳಕು ಒಂದೇ ಪಕ್ಕದಿಂದ ಬೀಳುವ ಹಾಗೆ ಮುಖ ತಿರುಗಿಸಿ ಒಂದು ಫೋಟೋ ತೆಗೆದುಕೊಳ್ಳಿ. ಆಮೇಲೆ ಕಿಟಕಿಗೆ ನೇರ ಮುಖ ಮಾಡಿ ಇನ್ನೊಂದು. ಎರಡನ್ನೂ ಹೋಲಿಸಿ ನೋಡಿ. ಪಕ್ಕದ ಬೆಳಕಲ್ಲಿ ಕಂಡು ನೇರ ಬೆಳಕಲ್ಲಿ ಮಾಯವಾದರೆ ಅದು ಗುಳಿ, ಅಂದರೆ ಚರ್ಮದ ಮಟ್ಟದಲ್ಲೇ ಏರುಪೇರಿದೆ. ಎರಡರಲ್ಲೂ ಕಪ್ಪಾಗಿ ಕಂಡರೆ ಅದು ಕಲೆ, ಬರೀ ಬಣ್ಣದ ತೊಂದರೆ. ಮೊಡವೆ ಬಿಟ್ಟುಹೋದ ಕಪ್ಪು ಚುಕ್ಕಿಗೂ, ಮುಖದ ಮೇಲೆ ಕಂದಾಗಿ ಹರಡುವ ಬಂಗಿಗೂ (ಮೆಲಾಸ್ಮಾ) ಮೊದಲ ಮದ್ದು ಸನ್‌ಸ್ಕ್ರೀನ್ ಮತ್ತು ಡಾಕ್ಟರು ಬರೆದುಕೊಡುವ ಕ್ರೀಮ್. ಸೂಜಿ ಆಮೇಲಿನ ಮಾತು. ಬಂಗಿನ ಮೇಲೆ ಜೋರಾಗಿ ಸೂಜಿ ಆಡಿಸಿದರೆ ಅದು ಇನ್ನೂ ಗಾಢವಾಗುವುದೂ ಉಂಟು.

ಈಗ ಗುಳಿ ಇರುವ ಜಾಗವನ್ನು ಎರಡು ಬೆರಳಿಂದ ಹಿಗ್ಗಿಸಿ. ಅಲೆ ಅಲೆಯಾಗಿದ್ದ ಚರ್ಮ ಸಮವಾಗಿ, ಬಿಟ್ಟ ತಕ್ಷಣ ಮತ್ತೆ ಒಳಗೆ ಹೋದರೆ ಅದು ನನ್ನ ಕೆನ್ನೆಯ ಥರದ್ದು. ಎಷ್ಟು ಹಿಗ್ಗಿಸಿದರೂ ಸಣ್ಣ ಆಳದ ತೂತು ಹಾಗೇ ಉಳಿದರೆ ಅದು ಬೇರೆ ಜಾತಿ. ಅದಕ್ಕೆ ಸೂಜಿಯ ಪೆನ್ನೂ ಸೂಜಿಯ ರೋಲರೂ ಹೆಚ್ಚೇನೂ ಮಾಡಲಾರವು. ಆ ತೂತಿನೊಳಕ್ಕೇ ಆಸಿಡ್ ಮುಟ್ಟಿಸುವ ಅಥವಾ ತೂತನ್ನೇ ಕತ್ತರಿಸಿ ಹೊಲಿಯುವ ವಿಧಾನಗಳಿವೆ, ಅವುಗಳ ಬಗ್ಗೆ ಕೇಳಿ.

ಮೂರನೆಯದು, ಹುಬ್ಬು ಗಂಟಿಕ್ಕಿ, ಹಣೆ ಏರಿಸಿ, ಜೋರಾಗಿ ನಕ್ಕು ನೋಡಿ. ಮುಖ ಸಡಿಲ ಬಿಟ್ಟಾಗ ಗೆರೆ ಪೂರ್ತಿ ಹೋಗುತ್ತದೆಯಾ? ಹೋದರೆ ಅದು ಸ್ನಾಯುವಿನ ಕೆಲಸ. ಸಡಿಲ ಬಿಟ್ಟಾಗಲೂ ಉಳಿದರೆ ಚರ್ಮದಲ್ಲೇ ಮಡಿಕೆ ಕೂತಿದೆ. ಕೊನೆಗೆ ಕಣ್ಣ ಕೆಳಗಿನ ಕಪ್ಪು. ಮುಖವನ್ನು ಬೆಳಕಿನ ಕಡೆಗೆ ಮೇಲೆತ್ತಿ. ಕಪ್ಪು ಕಮ್ಮಿಯಾದರೆ ಅಲ್ಲಿ ತಗ್ಗಿದೆ, ನೆರಳು ಬೀಳುತ್ತಿದೆ. ಹಾಗೇ ಉಳಿದರೆ ಬಣ್ಣದ್ದೋ ರಕ್ತನಾಳದ್ದೋ ವಿಷಯ.

ಕಂಡದ್ದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. "ಮುಖ ಚೆನ್ನಾಗಬೇಕು" ಅಂತ ಹೋದರೆ ಅವರಿಗೆ ಮಾರಬೇಕಾದದ್ದನ್ನು ಮಾರುತ್ತಾರೆ. "ಬಲಗೆನ್ನೆಯಲ್ಲಿ ಅಲೆಯಂಥ ಆರು ಗುಳಿ" ಅಂತ ಹೋದರೆ ಮಾತೇ ಬೇರೆ.

ಸೂಜಿ ಒಳಗೆ ಹೋಗಿ ಮಾಡುವುದೇನು?

ಮುಖದ ಚರ್ಮದ ಮೇಲ್ಪದರ ಒಂದು ಕಾಗದದ ಹಾಳೆಯಷ್ಟು ದಪ್ಪ, ಸುಮಾರು 0.1 ಮಿಲಿಮೀಟರ್. ಅದರ ಕೆಳಗೆ ಒಂದೆರಡು ಮಿಲಿಮೀಟರಿನ ಒಳಪದರ. ಚರ್ಮವನ್ನು ಬಿಗಿಯಾಗಿ ಹಿಡಿದಿಡುವ ಕೊಲಾಜೆನ್ ಅನ್ನುವ ಪ್ರೋಟೀನ್ ಇರುವುದು ಇಲ್ಲಿ. ಅದರ ಕೆಳಗೆ ಕೊಬ್ಬು, ಅದಕ್ಕೂ ಕೆಳಗೆ ಸ್ನಾಯು. ಸೂಜಿಯ ಹೆಸರು ಏನೇ ಇರಲಿ, ಅದು ಈ ಪದರಗಳಲ್ಲಿ ಒಂದಕ್ಕೆ ಹೋಗಿ ನಾಲ್ಕರಲ್ಲಿ ಒಂದು ಕೆಲಸ ಮಾಡುತ್ತದೆ: ಗಾಯ ಮಾಡುವುದು, ಬಿಸಿ ಮುಟ್ಟಿಸುವುದು, ಏನಾದರೂ ತುಂಬುವುದು, ಇಲ್ಲವೇ ಸ್ನಾಯುವನ್ನು ಸುಮ್ಮನಾಗಿಸುವುದು. ಯಾರಾದರೂ ಹೊಸ ಹೆಸರಿನ ಚಿಕಿತ್ಸೆ ಹೇಳಿದಾಗ ನಾನು ಕೇಳುವುದು ಇಷ್ಟೇ: ಈ ನಾಲ್ಕರಲ್ಲಿ ಯಾವುದು, ಎಷ್ಟು ಆಳಕ್ಕೆ?

ಗಾಯ ಮಾಡುವ ಸೂಜಿ: ಮೈಕ್ರೋನೀಡ್ಲಿಂಗ್

ಚರ್ಮಕ್ಕೆ ಸಣ್ಣ ಸಣ್ಣ ಗಾಯ ಮಾಡಿದರೆ ಅದು ವಾಸಿಮಾಡಿಕೊಳ್ಳುವ ನೆಪದಲ್ಲಿ ಹೊಸ ಕೊಲಾಜೆನ್ ಕಟ್ಟುತ್ತದೆ. ಇಡೀ ವಿದ್ಯೆ ಇಷ್ಟೇ. 1997ರಲ್ಲಿ ಕೆನಡಾದ ಇಬ್ಬರು ಡಾಕ್ಟರು ಶಾಯಿ ಹಾಕದ ಹಚ್ಚೆ ಮೆಷಿನ್ನಿನಿಂದ ಹಳೆಯ ಗಾಯದ ಗುರುತುಗಳ ಮೇಲೆ ಚುಚ್ಚಿ, ಅವು ಸುಧಾರಿಸಿದ್ದನ್ನು ವರದಿ ಮಾಡಿದರು. ಆಮೇಲೆ ದಕ್ಷಿಣ ಆಫ್ರಿಕಾದ ಪ್ಲಾಸ್ಟಿಕ್ ಸರ್ಜನ್ ಡೆಸ್ಮಂಡ್ ಫರ್ನಾಂಡಿಸ್ ಸೂಜಿ ಚುಚ್ಚಿದ ಪುಟ್ಟ ಉರುಳೆ ತಯಾರಿಸಿದರು. ಡರ್ಮಾ ರೋಲರ್ ಬಂದದ್ದು ಹೀಗೆ.

ಈಗ ಕ್ಲಿನಿಕ್‌ಗಳಲ್ಲಿ ಹೆಚ್ಚಾಗಿ ಬಳಸುವುದು ಪೆನ್. ರೋಲರ್ ಉರುಳುವಾಗ ಸೂಜಿ ಓರೆಯಾಗಿ ಹೊಕ್ಕು ಓರೆಯಾಗಿ ಈಚೆ ಬರುತ್ತದೆ, ಚರ್ಮ ಸ್ವಲ್ಪ ಗೀರಿಹೋಗುತ್ತದೆ. ಪೆನ್ನಿನ ಸೂಜಿ ನೇರ ಇಳಿದು ನೇರ ಏಳುತ್ತದೆ. ಆಳವನ್ನೂ ಜಾಗಕ್ಕೆ ತಕ್ಕಂತೆ ಬದಲಾಯಿಸಬಹುದು. ಕಣ್ಣ ಸುತ್ತ ಅರ್ಧ ಮಿಲಿಮೀಟರೋ ಅದಕ್ಕೂ ಕಮ್ಮಿಯೋ, ಹಣೆಗೆ ಇನ್ನೊಂಚೂರು ಜಾಸ್ತಿ, ಕೆನ್ನೆಯ ಗುಳಿಗೆ ಒಂದೂವರೆಯಿಂದ ಎರಡು, ಕೆಲವೊಮ್ಮೆ ಎರಡೂವರೆ. ಇಡೀ ಮುಖಕ್ಕೆ ಒಂದೇ ಆಳ ಇಟ್ಟುಕೊಂಡು ಉಜ್ಜುತ್ತಾ ಹೋಗುವವರು ಸಿಕ್ಕರೆ ಎದ್ದು ಬನ್ನಿ.

ಮಾಡಿಸಿಕೊಳ್ಳುವಾಗ ಹೇಗಿರುತ್ತದೆ? ಮೊದಲು ಮರಗಟ್ಟಿಸುವ ಕ್ರೀಮ್ ಹಚ್ಚಿ ಮುಕ್ಕಾಲು ಗಂಟೆ ಕೂರಿಸುತ್ತಾರೆ. ತುಟಿ ಯಾರದ್ದೋ ಅನ್ನಿಸುತ್ತದೆ, ನೀರು ಕುಡಿದರೆ ಗಲ್ಲಕ್ಕೆ ಸೋರುತ್ತದೆ. ಆಮೇಲೆ ಕ್ರೀಮನ್ನು ಪೂರ್ತಿ ಒರೆಸಿ ತೆಗೆದು, ಚರ್ಮ ಶುದ್ಧ ಮಾಡಿ, ಜಾರುವುದಕ್ಕೆ ಒಂದು ಜೆಲ್ ಹಚ್ಚುತ್ತಾರೆ. ಪೆನ್ ಟ್ರಿಮ್ಮರ್ ಥರ ಗುಂಯ್ ಅನ್ನುತ್ತದೆ. ಕೆನ್ನೆಯಲ್ಲಿ ಅಷ್ಟೇನೂ ಗೊತ್ತಾಗುವುದಿಲ್ಲ. ಹಣೆಯ ಮೂಳೆ ಹತ್ತಿರ ಬಂದಾಗ ತಲೆಬುರುಡೆಯೇ ಅದುರಿದ ಹಾಗಾಗುತ್ತದೆ, ಮೇಲ್ತುಟಿಯಲ್ಲಿ ಕಣ್ಣೀರು ತಾನಾಗಿ ಬರುತ್ತದೆ. ಗುಳಿ ಇರುವ ಕಡೆ ಸಾಸಿವೆಗಿಂತ ಸಣ್ಣ ರಕ್ತದ ಚುಕ್ಕಿಗಳು ಮೂಡುತ್ತವೆ. ಅಲ್ಲಿಗೆ ನಿಲ್ಲಿಸಬೇಕು. ರಕ್ತ ಹರಿಯುವಷ್ಟು ಚುಚ್ಚಿದರೆ ಕೈ ಮೀರಿತು ಅಂತ ಲೆಕ್ಕ.

ಮೊದಲ ಎರಡು ದಿನ ಬಿಸಿಲಲ್ಲಿ ಸುಟ್ಟುಕೊಂಡವರ ಥರ ಕೆಂಪು. ಮೂರನೇ ದಿನ ಮುಖ ತೊಳೆದರೆ ಅಂಗೈಗೆ ಮರಳು ಸಿಕ್ಕಿದ ಹಾಗಿರುತ್ತದೆ. ಐದಾರು ದಿನಕ್ಕೆ ಮಾಮೂಲು. ಈ ವಾರದ ಹೊಳಪಿಗೆ ಮರುಳಾಗಬೇಡಿ, ಅದರಲ್ಲಿ ಮುಕ್ಕಾಲು ಪಾಲು ಊತ. ನಿಜವಾದ ಫಲ ಮೂರರಿಂದ ಆರು ತಿಂಗಳಿಗೆ. ನಾಲ್ಕರಿಂದ ಆರು ವಾರಕ್ಕೊಮ್ಮೆ, ಮೂರರಿಂದ ಆರು ಸಲ ಮಾಡಿಸುವುದು ರೂಢಿ. ಆಳವಲ್ಲದ ಗುಳಿ, ತೆರೆದ ರಂಧ್ರಗಳು, ಸಣ್ಣ ಸುಕ್ಕಿಗೆ ಇದು ಒಳ್ಳೆಯದು. ಬಿಸಿಯಿಲ್ಲದ ಚಿಕಿತ್ಸೆಯಾದ್ದರಿಂದ ಗೋಧಿ ಮತ್ತು ಕಪ್ಪು ಬಣ್ಣದ ಚರ್ಮಕ್ಕೆ ಲೇಸರ್‌ಗಿಂತ ಇದರಲ್ಲಿ ಕಪ್ಪು ಕಲೆ ಉಳಿಯುವ ಭಯ ಕಮ್ಮಿ. ಬಿಗಿಯಾಗುತ್ತದೆ ಅಂತ ಯಾರಾದರೂ ಹೇಳಿದರೆ ಅರ್ಧ ಮಾತ್ರ ನಂಬಿ. ಜೋತುಬಿದ್ದ ದವಡೆಯನ್ನು ಇದು ಎತ್ತುವುದಿಲ್ಲ.

ನನ್ನ ಥರದ ಅಲೆಗುಳಿಗೆ ಮೊದಲು ಸಬ್‌ಸಿಷನ್. ಸ್ವಲ್ಪ ದಪ್ಪ ಸೂಜಿಯನ್ನು ಚರ್ಮದ ಅಡಿಗೆ ತೂರಿಸಿ, ಕೆಳಗೆ ಎಳೆಯುತ್ತಿರುವ ನಾರನ್ನು ಕತ್ತರಿಸುತ್ತಾರೆ. 1995ರಿಂದ ಈ ಹೆಸರಲ್ಲಿ ನಡೆಯುತ್ತಿದೆ. ನಾರು ಕತ್ತರಿಸುವಾಗ ಒಳಗೆ ಕಟಕಟ ಸದ್ದು ಕೇಳಿಸುತ್ತದೆ. ನೋವಿಲ್ಲ, ಆದರೆ ಸದ್ದಿಗೇ ನನ್ನ ಕಾಲ್ಬೆರಳು ಮಡಚಿಕೊಂಡಿತ್ತು. ಒಂದೆರಡು ವಾರ ಕೆನ್ನೆ ನೀಲಿಗಟ್ಟಿರುತ್ತದೆ.

ಮನೆಯಲ್ಲಿ ಆಡಿಸುವ ರೋಲರ್ ಬಗ್ಗೆ ಕೇಳುವವರು ಬಹಳ. 0.2 ಮಿಲಿಮೀಟರಿನ ರೋಲರ್ ಒಳಪದರವನ್ನು ಸರಿಯಾಗಿ ಮುಟ್ಟುವುದೇ ಇಲ್ಲ, ಅದರಿಂದ ಗುಳಿ ತುಂಬುವುದಿಲ್ಲ. ಉದ್ದ ಸೂಜಿಯದ್ದು ಮುಟ್ಟುತ್ತದೆ, ಆದರೆ ಸ್ನಾನದ ಮನೆಯಲ್ಲಿ ಆಪರೇಷನ್ ಮಾಡಿಕೊಂಡ ಹಾಗೆ. ಮೊನೆ ಬಾಗಿರುತ್ತದೆ, ಕೀವು ತುಂಬಿದ ಮೊಡವೆ ಮೇಲೆ ಉರುಳಿಸಿದರೆ ಇಡೀ ಕೆನ್ನೆಗೆ ಹಂಚಿದ ಹಾಗಾಗುತ್ತದೆ. ಚುಚ್ಚಿದ ಚರ್ಮಕ್ಕೆ ವಿಟಮಿನ್ ಸಿ ಸೀರಮ್ ಹಚ್ಚಿ, ತಿಂಗಳುಗಟ್ಟಲೆ ಗಂಟು ಗಂಟಾಗಿ ಉಳಿದ ಪ್ರಕರಣಗಳು 2014ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಗಿವೆ. ಮೇಲೆ ಹಚ್ಚಲು ಮಾಡಿದ್ದು ಒಳಗೆ ಹೋದರೆ ದೇಹ ಅದನ್ನು ಪರಕೀಯ ಅಂತಲೇ ನೋಡುತ್ತದೆ.

ಬಿಸಿ ಸೂಜಿ: ಆರ್‌ಎಫ್

ಇಲ್ಲಿ ಸೂಜಿಯ ಮೂಲಕ ರೇಡಿಯೋ ಫ್ರೀಕ್ವೆನ್ಸಿ ಶಕ್ತಿ ಹರಿಸಿ ಒಳಪದರವನ್ನು ಬಿಸಿ ಮಾಡುತ್ತಾರೆ. ಕೊಲಾಜೆನ್ ಸ್ವಲ್ಪ ಮುದುಡುತ್ತದೆ, ತಿಂಗಳುಗಳಲ್ಲಿ ಹೊಸದು ಕಟ್ಟುತ್ತದೆ. ಬರೀ ಪೆನ್‌ಗಿಂತ ಆಳಕ್ಕೆ ಹೋಗುತ್ತದೆ. ಶುರುವಾಗಿರುವ ಸಡಿಲಿಕೆಗೂ ಆಳದ ಗುಳಿಗೂ ಇದರ ಕೈ ಮೇಲು. ಕೆಲವು ಸೂಜಿಗಳಿಗೆ ತುದಿ ಬಿಟ್ಟು ಮಿಕ್ಕ ಭಾಗಕ್ಕೆ ಲೇಪ ಇರುತ್ತದೆ. ಆಗ ಮೇಲ್ಪದರಕ್ಕೆ ಬಿಸಿ ತಗಲುವುದು ಕಮ್ಮಿ, ಕಪ್ಪು ಚರ್ಮದವರಿಗೆ ಅದು ಮುಖ್ಯ.

ಆದರೆ ಬಿಸಿ ಬಿಸಿಯೇ. ಶಕ್ತಿ ಜಾಸ್ತಿಯಾದರೆ ಚೌಕ ಚೌಕವಾಗಿ ಸುಟ್ಟ ಗುರುತು ಉಳಿಯುತ್ತದೆ. ತೆಳ್ಳಗಿನ ಮುಖದಲ್ಲಿ ತುಂಬಾ ಆಳಕ್ಕೆ ಇಳಿಸಿದರೆ ಕೊಬ್ಬು ಕರಗಿ ಕೆನ್ನೆ ಒಳಗೆ ಹೋಗುತ್ತದೆ. ಯೌವನಕ್ಕೆ ಅಂತ ಹೋಗಿ ವಯಸ್ಸಾಗಿ ಬಂದ ಹಾಗೆ! 2025ರ ಅಕ್ಟೋಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಬಗ್ಗೆಯೇ ಎಚ್ಚರಿಕೆ ಕೊಟ್ಟಿತು. ಸುಟ್ಟ ಗಾಯ, ಕಲೆ, ಕೊಬ್ಬು ಕರಗುವುದು, ನರಕ್ಕೆ ಪೆಟ್ಟು, ಎಲ್ಲ ಅದರಲ್ಲಿವೆ. ಇದನ್ನು ಸಲೂನಿನಲ್ಲಿ ಮಾಡಿಸಿಕೊಳ್ಳುವಂಥದ್ದಲ್ಲ. ಮುಖದಲ್ಲಿ ಕೊಬ್ಬು ಕಮ್ಮಿ ಇರುವವರು "ಎಷ್ಟು ಮಿಲಿಮೀಟರ್ ಇಳಿಸುತ್ತೀರಿ?" ಅಂತ ಬಾಯಿಬಿಟ್ಟು ಕೇಳಲೇಬೇಕು.

ನಿಮ್ಮದೇ ರಕ್ತ: ಪಿಆರ್‌ಪಿ

ತೋಳಿಂದ ಸ್ವಲ್ಪ ರಕ್ತ ತೆಗೆದು, ಮೆಷಿನ್ನಿನಲ್ಲಿ ಗಿರಗಿರ ತಿರುಗಿಸುತ್ತಾರೆ. ಕೆಂಪು ಕಣಗಳು ತಳಕ್ಕೆ ಕೂರುತ್ತವೆ, ಮೇಲೆ ಹಳದಿ ದ್ರವ. ಗಾಯ ವಾಸಿಯಾಗಲು ನೆರವಾಗುವ ಪ್ಲೇಟ್‌ಲೆಟ್ ಕಣಗಳು ಹೆಚ್ಚಿರುವ ಆ ಭಾಗವನ್ನು ಮುಖಕ್ಕೆ ಚುಚ್ಚುತ್ತಾರೆ, ಇಲ್ಲವೇ ಪೆನ್ ಆಡಿಸಿದ ಮೇಲೆ ಸವರುತ್ತಾರೆ. ನನಗೆ ಕಂಡ ಹಾಗೆ ಇದು ಒಬ್ಬಂಟಿಯಾಗಿ ಗೆಲ್ಲುವ ಆಟಗಾರನಲ್ಲ. ಮೈಕ್ರೋನೀಡ್ಲಿಂಗ್ ಜೊತೆ ಹಾಕಿದರೆ ಸ್ವಲ್ಪ ಅನುಕೂಲ. ರಕ್ತ ತಿರುಗಿಸುವ ವಿಧಾನ ಒಂದೊಂದು ಕಡೆ ಒಂದೊಂದು ಥರ ಇರುವುದರಿಂದ ಫಲವೂ ಒಂದೇ ಸಮ ಇರುವುದಿಲ್ಲ.

ನಮ್ಮದೇ ರಕ್ತ, ಇನ್ನೇನು ಭಯ ಅಂತ ಸುಮ್ನೆ ಕೂರಬೇಡಿ. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಪರವಾನಗಿಯಿಲ್ಲದ ಒಂದು ಸ್ಪಾದಲ್ಲಿ ಇದನ್ನೇ ಮಾಡಿಸಿಕೊಂಡ ಮಹಿಳೆಯರಿಗೆ ಎಚ್‌ಐವಿ ತಗಲಿದ್ದನ್ನು ಅಲ್ಲಿನ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2024ರಲ್ಲಿ ವರದಿ ಮಾಡಿತು. ಒಮ್ಮೆ ಬಳಸಿ ಎಸೆಯಬೇಕಾದದ್ದನ್ನು ಅಲ್ಲಿ ಮತ್ತೆ ಮತ್ತೆ ಬಳಸಿದ್ದರು, ರಕ್ತದ ಟ್ಯೂಬುಗಳ ಮೇಲೆ ಹೆಸರಿರಲಿಲ್ಲ. ಆದ್ದರಿಂದ ಟ್ಯೂಬಿನ ಮೇಲೆ ನಿಮ್ಮ ಹೆಸರು ಬರೆಯುವುದನ್ನು ಕಣ್ಣಾರೆ ನೋಡಿ. ಸಿರಿಂಜು, ಪೆನ್ನಿನ ಸೂಜಿ ತುದಿ ಎಲ್ಲವನ್ನೂ ನಿಮ್ಮೆದುರೇ ಪ್ಯಾಕೆಟ್ ಹರಿದು ತೆಗೆಯಲಿ. ಕೇಳುವುದಕ್ಕೆ ಸಂಕೋಚ ಬೇಡ.

ತುಂಬುವ ಸೂಜಿಗಳು

ಇಲ್ಲಿ ಹೆಸರುಗಳದ್ದೇ ಗೊಂದಲ. ಸ್ಕಿನ್ ಬೂಸ್ಟರ್ ಅಂದರೆ ತೆಳುವಾದ ಹೈಲುರಾನಿಕ್ ಆಸಿಡ್. ಆಕಾರ ಬದಲಾಗುವುದಿಲ್ಲ, ಚರ್ಮ ನೀರು ಹಿಡಿದು ಮೆತ್ತಗಾಗುತ್ತದೆ. ಒಣಗಿದ ಕಾಗದದಂಥ ಸಣ್ಣ ಸುಕ್ಕಿಗೆ ಸರಿ. ಪಾಲಿನ್ಯೂಕ್ಲಿಯೊಟೈಡ್ ಅಂದರೆ ಸಾಲ್ಮನ್ ಅಥವಾ ಟ್ರೌಟ್ ಮೀನಿನಿಂದ ತೆಗೆದ ಡಿಎನ್‌ಎ ತುಣುಕು. ಮೀನಿನ ಅಲರ್ಜಿ ಇದ್ದರೆ ಮೊದಲೇ ಹೇಳಿ. ಮೆಸೋಥೆರಪಿ ಅಂದರೆ ವಿಟಮಿನ್ ಇತ್ಯಾದಿ ಕಲಸಿ ಚುಚ್ಚುವುದು. ಕಲಸಿದ್ದರಲ್ಲಿ ಏನೇನಿದೆ ಅಂತ ಬರೆದುಕೊಡದವರ ಹತ್ತಿರ ನಾನಂತೂ ಹಾಕಿಸಿಕೊಳ್ಳುವುದಿಲ್ಲ.

ಫಿಲ್ಲರ್ ಗಟ್ಟಿ ಜೆಲ್. ತಗ್ಗು ತುಂಬುತ್ತದೆ, ಕೆನ್ನೆ ಎತ್ತುತ್ತದೆ. ಜಾಗ ಮತ್ತು ಜೆಲ್ ನೋಡಿಕೊಂಡು ಆರರಿಂದ ಹದಿನೆಂಟು ತಿಂಗಳು, ಕೆಲವೊಮ್ಮೆ ಇನ್ನೂ ಜಾಸ್ತಿ ಉಳಿಯುತ್ತದೆ. ಹೈಲುರಾನಿಕ್ ಆಸಿಡ್ ಫಿಲ್ಲರಿನ ದೊಡ್ಡ ಅನುಕೂಲ ಅಂದರೆ, ಎಡವಟ್ಟಾದರೆ ಹೈಲುರೋನಿಡೇಸ್ ಅನ್ನುವ ಇಂಜೆಕ್ಷನ್ ಕೊಟ್ಟು ಕರಗಿಸಬಹುದು. ಪಾಲಿ ಲ್ಯಾಕ್ಟಿಕ್ ಆಸಿಡ್, ಕ್ಯಾಲ್ಸಿಯಂ ಹೈಡ್ರಾಕ್ಸಿಅಪಟೈಟ್ ಥರದವು ನಿಧಾನಕ್ಕೆ ಕೊಲಾಜೆನ್ ಕಟ್ಟಿಸುತ್ತವೆ, ಹೆಚ್ಚು ದಿನ ಇರುತ್ತವೆ. ಆದರೆ ಆ ಇಂಜೆಕ್ಷನ್ನಿಗೆ ಕರಗುವುದಿಲ್ಲ. ಮೊದಲ ಸಲದವರಿಗೆ ಕರಗುವಂಥದ್ದೇ ಇರಲಿ ಅನ್ನುವುದು ನನ್ನ ಅಭಿಪ್ರಾಯ.

ಫಿಲ್ಲರಿನ ನಿಜವಾದ ಅಪಾಯ ಜೆಲ್ ರಕ್ತನಾಳದೊಳಕ್ಕೆ ಹೋಗುವುದು. ಅಪರೂಪ, ಆದರೆ ಆದಾಗ ಗಂಟೆಗಳ ಲೆಕ್ಕ. ಚುಚ್ಚಿದ ಜಾಗ ಬೆಳ್ಳಗಾಗುವುದು, ಬಲೆಯಂಥ ನೀಲಿ ಗೆರೆ ಮೂಡುವುದು, ಹೊತ್ತು ಹೋದಂತೆ ನೋವು ಏರುವುದು ಇದರ ಗುರುತು. ತಕ್ಷಣ ಹಾಕಿದವರ ಹತ್ತಿರ ವಾಪಸ್ ಹೋಗಬೇಕು. ಕಣ್ಣು ಮಂಜಾದರೆ ಒಂದು ನಿಮಿಷವೂ ಕಾಯದೆ ಆಸ್ಪತ್ರೆಗೆ ಓಡಬೇಕು, ದೃಷ್ಟಿ ಶಾಶ್ವತವಾಗಿ ಹೋದ ಉದಾಹರಣೆಗಳಿವೆ. ಹುಬ್ಬಿನ ನಡುವೆ ಮತ್ತು ಮೂಗಿನಲ್ಲಿ ಈ ಅಪಾಯ ಜಾಸ್ತಿ. "ಹೈಲುರೋನಿಡೇಸ್ ಈಗ ಇಲ್ಲಿ ಫ್ರಿಜ್‌ನಲ್ಲಿದೆಯಾ?" ಅಂತ ಕೇಳಿ. ಉತ್ತರ ತಡವರಿಸಿದರೆ ಬೇರೆ ಕಡೆ ನೋಡಿ.

ಸುಮ್ಮನಾಗಿಸುವ ಸೂಜಿ: ಬೊಟಾಕ್ಸ್

ಇದು ಚರ್ಮಕ್ಕಲ್ಲ, ಸ್ನಾಯುವಿಗೆ. 1987ರಲ್ಲಿ ಕೆನಡಾದ ಕಣ್ಣಿನ ಡಾಕ್ಟರ್ ಜೀನ್ ಕ್ಯಾರುದರ್ಸ್ ಕಣ್ಣರೆಪ್ಪೆ ಸೆಳೆತಕ್ಕೆ ಇದನ್ನು ಕೊಡುತ್ತಿದ್ದಾಗ, ಹುಬ್ಬಿನ ನಡುವಿನ ಗೆರೆಯೂ ಹೋದದ್ದು ಕಂಡಿತು. ಅವರ ಗಂಡ ಅಲಸ್ಟೇರ್ ಚರ್ಮದ ಡಾಕ್ಟರ್. ಇಬ್ಬರೂ ಸೇರಿ 1992ರಲ್ಲಿ ಇದನ್ನು ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು, 2002ರಲ್ಲಿ ಸುಕ್ಕಿಗೆ ಎಫ್‌ಡಿಎ ಒಪ್ಪಿಗೆ ಸಿಕ್ಕಿತು. ಮೂರ್ನಾಲ್ಕು ದಿನಕ್ಕೆ ಶುರು, ಎರಡು ವಾರಕ್ಕೆ ಪೂರ್ತಿ, ಮೂರ್ನಾಲ್ಕು ತಿಂಗಳಿಗೆ ಮುಗಿಯಿತು. ಗಂಟಿಕ್ಕಿದಾಗ ಮಾತ್ರ ಬೀಳುವ ಗೆರೆಗೆ ಇದರಷ್ಟು ಸಲೀಸಾದದ್ದು ಇನ್ನೊಂದಿಲ್ಲ. ಒಂದು ಕಂಪನಿಯ ಯೂನಿಟ್ ಇನ್ನೊಂದು ಕಂಪನಿಯ ಯೂನಿಟ್‌ಗೆ ಸಮ ಅಲ್ಲ. ಹಾಗಾಗಿ ಎಷ್ಟು ಯೂನಿಟ್ ಅಂತ ಕೇಳುವಾಗ ಯಾವ ಕಂಪನಿಯದ್ದು ಅಂತಲೂ ಬರೆದಿಟ್ಟುಕೊಳ್ಳಿ. ಗರ್ಭಿಣಿಯರು, ಹಾಲುಣಿಸುವವರು, ನರ ಮತ್ತು ಸ್ನಾಯುವಿನ ಕಾಯಿಲೆ ಇರುವವರಿಗೆ ಇದು ಬೇಡ.

ಡಾಕ್ಟರ ಹತ್ತಿರ ಹೋದ ದಿನ

ಚೀಟಿ, ಎರಡು ಫೋಟೋ ಜೊತೆಗಿರಲಿ. ಬಾಯಿ ಹುಣ್ಣಲ್ಲ, ತುಟಿಯ ಅಂಚಿನಲ್ಲಿ ಗುಳ್ಳೆ ಏಳುವ ಹರ್ಪಿಸ್ ಹಿಂದೆ ಬಂದಿದ್ದರೆ ಹೇಳಿ, ಸೂಜಿಯಿಂದ ಅದು ಮತ್ತೆ ಎದ್ದೇಳಬಹುದು. ಗಾಯ ಉಬ್ಬಿ ಕೆಲೋಯ್ಡ್ ಆಗುವ ಮೈಯಾದರೆ ಹೇಳಿ. ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ತಿಂದಿದ್ದರೆ, ರಕ್ತ ತೆಳು ಮಾಡುವ ಮಾತ್ರೆ ತಿನ್ನುತ್ತಿದ್ದರೆ, ಸಕ್ಕರೆ ಹತೋಟಿಯಲ್ಲಿ ಇಲ್ಲದಿದ್ದರೆ ಅದನ್ನೂ ಹೇಳಿ. ರಕ್ತ ತೆಳು ಮಾಡುವ ಮಾತ್ರೆಯನ್ನು ಮಾತ್ರ ನೀವೇ ನಿಲ್ಲಿಸಬೇಡಿ. ಕೀವಿನ ಮೊಡವೆ ಇದ್ದರೆ ಅದು ಆರುವವರೆಗೆ ಪೆನ್ ಬೇಡ.

"ಇವತ್ತೇ ಕಟ್ಟಿದರೆ ರಿಯಾಯಿತಿ" ಅಂದರೆ ಆ ದಿನ ಕಟ್ಟಬೇಡಿ. ಒಂದು ಸಲಕ್ಕೆ ಕಟ್ಟಿ ನೋಡಿ. ಎರಡು ಮೂರು ಚಿಕಿತ್ಸೆ ಒಟ್ಟಿಗೆ ಹೇಳಿದರೆ ಯಾವುದು ಮೊದಲು, ನಡುವೆ ಎಷ್ಟು ದಿನ ಅಂತ ಬರೆಸಿಕೊಳ್ಳಿ. ಬೊಟಾಕ್ಸ್ ಹಾಕಿಸಿದ ಜಾಗದ ಮೇಲೆ ಪೆನ್ ಆಡಿಸಲು ಎರಡು ವಾರ ಬಿಡುವುದು ಒಳ್ಳೆಯದು. ಮದುವೆ ಮುಂಜಿ ಹತ್ತಿರವಿದ್ದರೆ ಮೈಕ್ರೋನೀಡ್ಲಿಂಗ್‌ಗೆ ಕನಿಷ್ಠ ಎರಡು ವಾರ, ಬೊಟಾಕ್ಸ್ ಮತ್ತು ಫಿಲ್ಲರಿಗೆ ಮೂರ್ನಾಲ್ಕು ವಾರ, ಸಬ್‌ಸಿಷನ್‌ಗೆ ಒಂದು ತಿಂಗಳು ಮೊದಲೇ ಮುಗಿಸಿ. ಹಿಂದಿನ ವಾರ ಬೇಡವೇ ಬೇಡ.

ಮನೆಗೆ ಬಂದ ಮೇಲೆ

ಪೆನ್ ಅಥವಾ ಆರ್‌ಎಫ್ ಆದ ದಿನ ಮೇಕಪ್ ಇಲ್ಲ, ಈಜು ಇಲ್ಲ, ಬೆವರು ಸುರಿಯುವ ವ್ಯಾಯಾಮ ಇಲ್ಲ. ಒಂದು ವಾರ ರೆಟಿನಾಲ್, ಆಸಿಡ್, ಸ್ಕ್ರಬ್ ಯಾವುದೂ ಮುಖದ ಹತ್ತಿರ ಬರಬಾರದು. ಸುವಾಸನೆಯಿಲ್ಲದ ಮಾಯಿಶ್ಚರೈಸರ್ ಸಾಕು. ಬಿಸಿಲಿಗೆ ಹೋಗಲೇಬೇಕಾದರೆ ಮೊದಲ ದಿನ ಟೋಪಿ ಅಥವಾ ಕೊಡೆ, ಮಾರನೇ ದಿನದಿಂದ ಸನ್‌ಸ್ಕ್ರೀನ್. ಸಿಪ್ಪೆ ಏಳುವುದನ್ನು ಕೀಳಬೇಡಿ. ನಾನು ಟಿವಿ ನೋಡುತ್ತಾ ಒಂದು ಸಲ ಕಿತ್ತೆ, ಆ ಕಾಳಿನಷ್ಟು ಜಾಗ ಎರಡು ತಿಂಗಳು ಕಪ್ಪಾಗಿಯೇ ಇತ್ತು.

ಬೊಟಾಕ್ಸ್ ಆದ ಮೇಲೆ ನಾಲ್ಕು ಗಂಟೆ ಮಲಗಬೇಡಿ, ಆ ಜಾಗ ಉಜ್ಜಬೇಡಿ. ಪಾಲಿ ಲ್ಯಾಕ್ಟಿಕ್ ಆಸಿಡ್ ಹಾಕಿಸಿದರೆ ಇದಕ್ಕೆ ಉಲ್ಟಾ: ಐದು ದಿನ, ದಿನಕ್ಕೆ ಐದು ಸಲ, ಐದೈದು ನಿಮಿಷ ತಿಕ್ಕಿ ಅಂತ ಹೇಳುತ್ತಾರೆ, ಗಂಟು ಕಟ್ಟದಿರಲಿ ಅಂತ. ಯಾವುದೇ ಸೂಜಿಯಾಗಲಿ, ಮೂರು ದಿನದ ಮೇಲೆ ಕೆಂಪು ಇಳಿಯುವ ಬದಲು ಏರಿದರೆ, ಕೀವು ಅಥವಾ ಜ್ವರ ಬಂದರೆ ಫೋನ್ ಮಾಡಿ. ವಾರಗಳಾದ ಮೇಲೆ ಗಟ್ಟಿ ಗಂಟು ಸಿಕ್ಕರೂ ತೋರಿಸಿ, ಕೆಲವು ಸೋಂಕು ನಿಧಾನಕ್ಕೆ ತಲೆ ಎತ್ತುತ್ತವೆ.

ಮೂರು ತಿಂಗಳಾದ ಮೇಲೆ ಅದೇ ಕಿಟಕಿ, ಅದೇ ಹೊತ್ತು, ಅದೇ ಪಕ್ಕದ ಬೆಳಕಲ್ಲಿ ಮತ್ತೆ ಫೋಟೋ ತೆಗೆದು ಹಳೆಯದರ ಪಕ್ಕ ಇಡಿ. ಕ್ಲಿನಿಕ್‌ನವರು ತೆಗೆಯುವ ಫೋಟೋದಲ್ಲಿ ಮೊದಲನೆಯದಕ್ಕೆ ಟ್ಯೂಬ್‌ಲೈಟು, ಎರಡನೆಯದಕ್ಕೆ ರಿಂಗ್ ಲೈಟು ಇರುವುದನ್ನು ನಾನೇ ನೋಡಿದ್ದೇನೆ. ನಿಮ್ಮ ಫೋಟೋದಲ್ಲಿ ಗುಳಿಯ ನೆರಳು ಕಮ್ಮಿಯಾಗಿದ್ದರೆ ಮುಂದಿನ ಸಲಕ್ಕೆ ಹೆಸರು ಬರೆಸಿ. ಆಗಿಲ್ಲದಿದ್ದರೆ ಎರಡೂ ಫೋಟೋ ತೋರಿಸಿ, ಇದೇ ಸೂಜಿ ಮುಂದುವರಿಸುವುದಕ್ಕೆ ಕಾರಣ ಕೇಳಿ.